ಚೀಲದ ಹೊರಗಿನ ಪುಸ್ತಕ

ಮಕ್ಕಳೇ,

ನಿಮ್ಮ ಶಾಲಾಚೀಲವನ್ನು ಒಮ್ಮೆ ತೆರೆದು ನೋಡಿ. ಅದರಲ್ಲಿ ಎಷ್ಟು ಪುಸ್ತಕಗಳಿವೆ? ಕನ್ನಡ, ತಮಿಳು, ಇಂಗ್ಲಿಷ್, ಗಣಿತ, ವಿಜ್ಞಾನ, ಸಮಾಜ ವಿಜ್ಞಾನ. ಇವೆಲ್ಲವೂ ಪಾಠದ ಪುಸ್ತಕಗಳು. ಪ್ರತಿಯೊಂದು ಪಾಠದ ಕೊನೆಯಲ್ಲಿ ಪ್ರಶ್ನೆಗಳಿವೆ. ವರ್ಷದ ಕೊನೆಯಲ್ಲಿ ಪರೀಕ್ಷೆ ಇದೆ. ಪರೀಕ್ಷೆ ಮುಗಿದ ಮೇಲೆ ಈ ಪುಸ್ತಕಗಳು ತಮ್ಮನಿಗೋ ತಂಗಿಗೋ ಹೋಗುತ್ತವೆ. ಇಲ್ಲವೇ ಅಟ್ಟ ಸೇರುತ್ತವೆ.

ಪಾಠಪುಸ್ತಕಗಳನ್ನು ಸಿದ್ಧಪಡಿಸುವ ಸಮಿತಿಯಲ್ಲಿ ನಾನೂ ಇದ್ದೇನೆ. ಯಾವ ತರಗತಿಯ ಮಗುವಿಗೆ ಯಾವ ಪದ ತಿಳಿಯುತ್ತದೆ, ಎಷ್ಟು ಪುಟದ ಪಾಠ ಹಿಡಿಸುತ್ತದೆ ಎಂದು ಅಲ್ಲಿ ಬಹಳ ಹೊತ್ತು ಚರ್ಚೆ ಮಾಡುತ್ತೇವೆ. ಆದರೂ ನನ್ನ ಅಭಿಪ್ರಾಯವನ್ನು ನಿಮ್ಮ ಮುಂದೆ ಇಡುತ್ತೇನೆ. ಪಾಠಪುಸ್ತಕ ಬೇಕು, ಆದರೆ ಅದೊಂದೇ ಸಾಲದು. ಪಾಠವಲ್ಲದ, ಪರೀಕ್ಷೆಗೆ ಬಾರದ ಒಂದು ಇಡೀ ಕಥೆಪುಸ್ತಕ ನಿಮ್ಮ ಸ್ವಂತದ್ದಾಗಿ ಇರಬೇಕು. ಯಾಕೆ ಹೀಗೆ ಹೇಳುತ್ತೇನೆ ಎಂಬುದನ್ನು ಒಂದು ಪುಸ್ತಕದ ಕಥೆಯ ಮೂಲಕವೇ ವಿವರಿಸುತ್ತೇನೆ.

ಆ ಪುಸ್ತಕದ ಹೆಸರು ‘ಸ್ವಾಮಿ ಅಂಡ್ ಫ್ರೆಂಡ್ಸ್’. ಸ್ವಾಮಿ ಮತ್ತು ಅವನ ಗೆಳೆಯರು ಎಂದು ಇದರ ಅರ್ಥ. ಬರೆದವರು ಆರ್. ಕೆ. ನಾರಾಯಣ್. ಇದು ಮೊದಲು ಅಚ್ಚಾದದ್ದು 1935ರಲ್ಲಿ, ಇಂಗ್ಲೆಂಡಿನಲ್ಲಿ. ಈಗ ತೆಳುರಟ್ಟಿನ ಸಣ್ಣ ಪುಸ್ತಕವಾಗಿ ಸಿಗುತ್ತದೆ. ಇಂಥ ಪುಸ್ತಕವನ್ನು ಪೇಪರ್‌ಬ್ಯಾಕ್ ಎನ್ನುತ್ತಾರೆ. ಇದಕ್ಕೆ ಗಟ್ಟಿ ರಟ್ಟು ಇರುವುದಿಲ್ಲ. ಒಂದು ಕೈಯಲ್ಲಿ ಹಿಡಿದು ಓದಬಹುದು. ಬಸ್ಸಿನಲ್ಲಿ ಓದಬಹುದು, ಹುಣಸೆಮರದ ಕೆಳಗೆ ಕುಳಿತು ಓದಬಹುದು, ಮಲಗಿಕೊಂಡೂ ಓದಬಹುದು.

ಹಿಂದೆ ಒಳ್ಳೆಯ ಪುಸ್ತಕವೆಂದರೆ ಗಟ್ಟಿ ರಟ್ಟು ಇರಬೇಕು, ಬೆಲೆಯೂ ಹೆಚ್ಚಾಗಿರಬೇಕು ಎಂದು ಬಹಳ ಜನ ತಿಳಿದಿದ್ದರು. ಅಂಥ ಪುಸ್ತಕವನ್ನು ಉಳ್ಳವರು ಮಾತ್ರ ಕೊಳ್ಳುತ್ತಿದ್ದರು. ಸ್ವಾಮಿಯ ಕಥೆ ಅಚ್ಚಾದ 1935ನೇ ಇಸವಿಯಲ್ಲೇ ಇಂಗ್ಲೆಂಡಿನಲ್ಲಿ ಅಲೆನ್ ಲೇನ್ ಎಂಬವರು ಪೆಂಗ್ವಿನ್ ಎಂಬ ಹೆಸರಿನಲ್ಲಿ ಹತ್ತು ಪೇಪರ್‌ಬ್ಯಾಕ್ ಪುಸ್ತಕಗಳನ್ನು ಹೊರತಂದರು. ಒಂದೊಂದರ ಬೆಲೆ ಆರು ಪೆನ್ನಿ ಮಾತ್ರ. ಒಳ್ಳೆಯ ಪುಸ್ತಕ ಎಲ್ಲರ ಕೈಗೂ ಸಿಗಬೇಕು ಎಂಬುದು ಅವರ ಆಸೆಯಾಗಿತ್ತು. ಜನ ಅವನ್ನು ಮುಗಿಬಿದ್ದು ಕೊಂಡರು. ಬೆಲೆ ಇಳಿದರೆ ಓದುಗರು ಹೆಚ್ಚುತ್ತಾರೆ ಎಂಬುದು ಅಂದೇ ತಿಳಿಯಿತು.

ಇನ್ನು ಸ್ವಾಮಿಯ ಪರಿಚಯ ಮಾಡಿಕೊಳ್ಳೋಣ. ಅವನ ಪೂರ್ಣ ಹೆಸರು ಸ್ವಾಮಿನಾಥನ್. ಊರು ಮಾಲ್ಗುಡಿ. ಈ ಊರನ್ನು ನೀವು ಯಾವ ನಕ್ಷೆಯಲ್ಲಿ ಹುಡುಕಿದರೂ ಸಿಗುವುದಿಲ್ಲ. ಅದು ನಾರಾಯಣ್ ಅವರ ಮನಸ್ಸಿನಲ್ಲಿ ಹುಟ್ಟಿದ ಊರು. ಅಲ್ಲಿ ರೈಲು ನಿಲ್ದಾಣವಿದೆ, ಸರಯೂ ಎಂಬ ನದಿ ಇದೆ, ಶಾಲೆ ಇದೆ, ಪೇಟೆ ಬೀದಿ ಇದೆ. ಕಥೆ ಒಂದು ಸೋಮವಾರ ಬೆಳಿಗ್ಗೆ ಆರಂಭವಾಗುತ್ತದೆ. ಸ್ವಾಮಿಗೆ ಸೋಮವಾರವೆಂದರೆ ಬೇಸರ. ಶನಿವಾರ, ಭಾನುವಾರ ಆಡಿ ಬಂದವನಿಗೆ ಶಾಲೆಗೆ ಹೋಗಲು ಮನಸ್ಸಿಲ್ಲ. ಮನೆಗೆಲಸ ಮಾಡಿಲ್ಲ. ನಿಮ್ಮಲ್ಲಿ ಯಾರಿಗೆ ಹೀಗಾಗಿಲ್ಲ? ಕೈ ಎತ್ತಿ ನೋಡೋಣ!

ಸ್ವಾಮಿಗೆ ಗಣಿತ ಕಷ್ಟ. ಒಂದು ದಿನ ಅವನ ಅಪ್ಪ ಅವನಿಗೆ ಒಂದು ಲೆಕ್ಕ ಕೊಡುತ್ತಾರೆ. ರಾಮನ ಬಳಿ ಹತ್ತು ಮಾವಿನಹಣ್ಣುಗಳಿವೆ. ಅವುಗಳಿಂದ ಹದಿನೈದು ಆಣೆ ಸಂಪಾದಿಸಬೇಕೆಂದು ಅವನ ಇಚ್ಛೆ. ಕೃಷ್ಣನಿಗೆ ನಾಲ್ಕೇ ಹಣ್ಣು ಬೇಕು. ಅವನು ಎಷ್ಟು ಕೊಡಬೇಕು? ನೀವಾದರೆ ಕೂಡಲೇ ಭಾಗಿಸಿ ಗುಣಿಸುತ್ತೀರಿ. ಸ್ವಾಮಿ ಹಾಗೆ ಮಾಡುವುದಿಲ್ಲ. ಹಣ್ಣುಗಳು ಮಾಗಿದ್ದವೇ, ಕಾಯಾಗಿದ್ದವೇ ಎಂದು ಯೋಚಿಸುತ್ತಾ ಕೂರುತ್ತಾನೆ. ಅಪ್ಪನಿಗೆ ಸಿಟ್ಟು ಬರುತ್ತದೆ. ನಮಗೆ ನಗು ಬರುತ್ತದೆ. ಆದರೆ ಸ್ವಲ್ಪ ಯೋಚಿಸಿ ನೋಡಿ. ಸಂತೆಯಲ್ಲಿ ಮಾವಿನಹಣ್ಣು ಕೊಳ್ಳುವ ನಿಮ್ಮ ಅಜ್ಜಿ ಮೊದಲು ಕೇಳುವುದೂ ಅದನ್ನೇ ಅಲ್ಲವೇ? ಮಾಗಿದ ಹಣ್ಣಿಗೆ ಒಂದು ಬೆಲೆ, ಕಾಯಿಗೆ ಒಂದು ಬೆಲೆ. ಸ್ವಾಮಿ ದಡ್ಡನಲ್ಲ. ಅವನ ಯೋಚನೆ ಲೆಕ್ಕದ ಪುಸ್ತಕದಿಂದ ಹೊರಗೆ ಹೋಗಿದೆ, ಅಷ್ಟೆ.

ಸ್ವಾಮಿಗೆ ಗೆಳೆಯರಿದ್ದಾರೆ. ಮಣಿ ಗಟ್ಟಿಮುಟ್ಟಾದ ಹುಡುಗ. ಶಂಕರ್ ಓದಿನಲ್ಲಿ ಜಾಣ. ಸೋಮು ತರಗತಿಯ ನಾಯಕ. ಬಟಾಣಿ ಕಾಳಿನಂತೆ ಪುಟ್ಟದಾಗಿರುವ ಸ್ಯಾಮ್ಯುಯೆಲ್ ಕೂಡ ಇದ್ದಾನೆ. ಅಲ್ಲಿಗೆ ರಾಜಂ ಎಂಬ ಹೊಸ ಹುಡುಗ ಬರುತ್ತಾನೆ. ಅವನ ತಂದೆ ದೊಡ್ಡ ಪೊಲೀಸ್ ಅಧಿಕಾರಿ. ರಾಜಂ ಚೆನ್ನಾಗಿ ಬಟ್ಟೆ ಹಾಕುತ್ತಾನೆ, ಚೆನ್ನಾಗಿ ಮಾತನಾಡುತ್ತಾನೆ. ಸ್ವಾಮಿ ಅವನ ಹಿಂದೆಯೇ ತಿರುಗುತ್ತಾನೆ. ಹಳೆಯ ಗೆಳೆಯರು ಅವನನ್ನು ರಾಜಂನ ಬಾಲ ಎಂದು ಹಂಗಿಸುತ್ತಾರೆ. ಹೊಸ ಗೆಳೆಯ ಸಿಕ್ಕಾಗ ಹಳೆಯ ಗೆಳೆಯರು ಮುನಿಸಿಕೊಂಡರೆ ಎಷ್ಟು ನೋವಾಗುತ್ತದೆ ಎಂಬುದು ನಿಮಗೂ ಗೊತ್ತು. ಅದನ್ನು ಈ ಪುಸ್ತಕ ಚೆನ್ನಾಗಿ ಹೇಳುತ್ತದೆ.

ಈ ಕಥೆಯಲ್ಲಿ ಇನ್ನೊಂದು ಘಟನೆ ಬರುತ್ತದೆ. ತಿರುಪ್ಪೂರಿನ ಬನಿಯನ್ ಕಾರ್ಖಾನೆಗಳಲ್ಲಿ ನಿಮ್ಮ ನೆಂಟರು ಯಾರಾದರೂ ಕೆಲಸ ಮಾಡುತ್ತಿದ್ದರೆ ಈ ಘಟನೆ ನಿಮಗೆ ಹತ್ತಿರದ್ದೆನಿಸುತ್ತದೆ. ಅದು 1930ರ ಆಗಸ್ಟ್ ತಿಂಗಳು. ಸ್ವಾತಂತ್ರ್ಯ ಚಳವಳಿ ನಡೆಯುತ್ತಿರುತ್ತದೆ. ನದಿಯ ದಡದಲ್ಲಿ ಜನ ಸೇರಿ ವಿದೇಶಿ ಬಟ್ಟೆಗಳನ್ನು ಬೆಂಕಿಗೆ ಹಾಕುತ್ತಾರೆ. ಸ್ವಾಮಿಯ ತಲೆಯ ಮೇಲೂ ಒಂದು ಟೋಪಿ ಇದೆ. ಅದು ವಿದೇಶಿ ಬಟ್ಟೆಯದು ಎಂದು ಯಾರೋ ಹೇಳುತ್ತಾರೆ. ಅವನು ಅದನ್ನು ತೆಗೆದು ಬೆಂಕಿಗೆ ಎಸೆಯುತ್ತಾನೆ. ಮನೆಗೆ ಬಂದ ಮೇಲೆ ಅಪ್ಪ ಹೇಳುತ್ತಾರೆ: ಆ ಟೋಪಿ ಖಾದಿ ಅಂಗಡಿಯಲ್ಲಿ ಕೊಂಡದ್ದು! ದೇಶಕ್ಕಾಗಿ ಏನನ್ನೋ ಮಾಡಿದೆ ಎಂದು ಎದೆಯುಬ್ಬಿಸಿ ಬಂದ ಹುಡುಗನ ಮುಖ ಹೇಗಾಗಿರಬಹುದು, ಊಹಿಸಿ.

ಅದೇ ಕಾಲದಲ್ಲಿ ತಿರುಪ್ಪೂರಿನಲ್ಲಿ ನಿಜವಾಗಿ ಏನು ನಡೆಯಿತು ಎಂಬುದನ್ನು ನೀವು ಸಮಾಜ ವಿಜ್ಞಾನದಲ್ಲಿ ಓದಿದ್ದೀರಿ. ಚೆನ್ನಿಮಲೈಯಲ್ಲಿ ಹುಟ್ಟಿದ ಕುಮಾರನ್ 1932ರ ಜನವರಿಯಲ್ಲಿ ಧ್ವಜ ಹಿಡಿದು ಮೆರವಣಿಗೆಯಲ್ಲಿ ನಡೆದರು. ಪೊಲೀಸರ ಲಾಠಿ ಏಟು ಬಿದ್ದರೂ ಧ್ವಜವನ್ನು ಕೆಳಗೆ ಬೀಳಲು ಬಿಡಲಿಲ್ಲ. ಜನವರಿ 11ರಂದು ಪ್ರಾಣ ಬಿಟ್ಟರು. ಧ್ವಜ ಕಾಯ್ದ ಕುಮಾರನ್ ಎಂದೇ ಅವರಿಗೆ ಹೆಸರು. ಪಾಠದಲ್ಲಿ ನಾವು ಕುಮಾರನ್ ಅವರಂಥ ವೀರರ ಬಗ್ಗೆ ಓದುತ್ತೇವೆ. ಓದಲೇಬೇಕು. ಆದರೆ ಆ ಕಾಲದಲ್ಲಿ ವೀರರ ಜೊತೆಗೆ ಪುಟ್ಟ ಹುಡುಗರೂ ಇದ್ದರು. ಅವರಿಗೆ ಅರ್ಧ ತಿಳಿಯುತ್ತಿತ್ತು, ಅರ್ಧ ತಿಳಿಯುತ್ತಿರಲಿಲ್ಲ. ಗುಂಪಿನ ಜೊತೆ ಕೂಗಿದರು, ಓಡಿದರು, ಮನೆಗೆ ಬಂದು ಬೈಸಿಕೊಂಡರು. ಅವರ ಬಗ್ಗೆ ಹೇಳುವುದು ಸ್ವಾಮಿಯ ಕಥೆಯಂಥ ಪುಸ್ತಕ.

ಪಾಠಕ್ಕೂ ಇಡೀ ಪುಸ್ತಕಕ್ಕೂ ಇರುವ ವ್ಯತ್ಯಾಸವನ್ನು ಇಲ್ಲಿ ನೋಡಬಹುದು. ಪಾಠ ನಾಲ್ಕೈದು ಪುಟದಲ್ಲಿ ಮುಗಿಯಬೇಕು. ಕೊನೆಗೆ ಒಂದು ನೀತಿ ಇರಬೇಕು. ಸ್ವಾಮಿಯ ಕಥೆಯಲ್ಲಿ ಅಂಥ ನೀತಿ ಇಲ್ಲ. ಅವನು ತಪ್ಪು ಮಾಡುತ್ತಾನೆ. ಶಾಲೆ ಬಿಟ್ಟು ಓಡಿಹೋಗುತ್ತಾನೆ. ಕಾಡಿನ ದಾರಿಯಲ್ಲಿ ಕತ್ತಲಾಗಿ ಹೆದರುತ್ತಾನೆ. ಗೆಳೆಯರೆಲ್ಲ ಸೇರಿ ಕಟ್ಟಿದ ಕ್ರಿಕೆಟ್ ತಂಡದ ಪಂದ್ಯ ಅವನಿಲ್ಲದೆ ನಡೆದುಹೋಗುತ್ತದೆ. ರಾಜಂ ಅವನ ಮೇಲೆ ಕೋಪಿಸಿಕೊಳ್ಳುತ್ತಾನೆ, ಮಾತು ಬಿಡುತ್ತಾನೆ.

ಕೊನೆಗೆ ರಾಜಂನ ತಂದೆಗೆ ವರ್ಗವಾಗುತ್ತದೆ. ರಾಜಂ ಊರು ಬಿಟ್ಟು ಹೊರಡುತ್ತಾನೆ. ಅವನಿಗೆ ಏನಾದರೂ ಕೊಡಬೇಕೆಂದು ಸ್ವಾಮಿ ತನ್ನ ಪೆಟ್ಟಿಗೆ ಹುಡುಕುತ್ತಾನೆ. ಅಲ್ಲಿ ಒಂದು ಪುಟ್ಟ ಪುಸ್ತಕ ಸಿಗುತ್ತದೆ. ಡೆನ್ಮಾರ್ಕ್ ದೇಶದ ಆಂಡರ್ಸನ್ ಬರೆದ ಕಿನ್ನರ ಕಥೆಗಳ ಪುಸ್ತಕ. ಅಪ್ಪ ಎಂದೋ ಮದ್ರಾಸಿನಲ್ಲಿ ಕೊಂಡುತಂದದ್ದು. ಅದರಲ್ಲಿ ಕಷ್ಟದ ಇಂಗ್ಲಿಷ್ ಪದಗಳು ತುಂಬಿದ್ದುದರಿಂದ ಸ್ವಾಮಿಗೆ ಸರಿಯಾಗಿ ಓದಲು ಆಗಿರಲಿಲ್ಲ. ರಾಜಂ ಜಾಣ, ಅವನು ಓದುತ್ತಾನೆ ಎಂದುಕೊಂಡು ಅದನ್ನೇ ತೆಗೆದುಕೊಂಡು ನಿಲ್ದಾಣಕ್ಕೆ ಓಡುತ್ತಾನೆ. ರೈಲು ಹೊರಡುತ್ತದೆ. ಪುಸ್ತಕ ರಾಜಂನ ಕೈ ಸೇರುತ್ತದೆ. ಆದರೆ ರಾಜಂ ಕ್ಷಮಿಸಿದನೇ? ಕಾಗದ ಬರೆಯುತ್ತಾನೆಯೇ? ಸ್ವಾಮಿ ಪಕ್ಕದಲ್ಲಿದ್ದ ಮಣಿಯ ಮುಖ ನೋಡುತ್ತಾನೆ. ಆ ಮುಖದಿಂದ ಏನೂ ತಿಳಿಯುವುದಿಲ್ಲ. ಅಲ್ಲಿಗೆ ಕಥೆ ಮುಗಿಯುತ್ತದೆ.

ನಿಮಗೆ ಅಸಮಾಧಾನವಾಯಿತೇ? ಉತ್ತರ ಹೇಳದೆ ಕಥೆ ಮುಗಿಸಬಹುದೇ ಎಂದು ಕೇಳುತ್ತೀರಾ? ಮುಗಿಸಬಹುದು. ಕಥೆಯ ಆರಂಭದಲ್ಲಿ ಸ್ವಾಮಿಯ ದೊಡ್ಡ ಚಿಂತೆ ಸೋಮವಾರದ ಮನೆಗೆಲಸ. ಕೊನೆಯಲ್ಲಿ ಅವನ ಚಿಂತೆ, ಗೆಳೆಯನ ಮನಸ್ಸು ಮುರಿಯಿತೇ ಎಂಬುದು. ನಡುವೆ ಅವನು ಬೆಳೆದಿದ್ದಾನೆ. ಬೆಳೆದದ್ದನ್ನು ಯಾರೂ ಹೇಳುವುದಿಲ್ಲ. ಪುಟಪುಟವಾಗಿ ಓದಿದ ನಿಮಗೆ ಮಾತ್ರ ಕಾಣುತ್ತದೆ. ಒಂದು ತುಣುಕನ್ನು ಪಾಠವಾಗಿ ಓದಿದರೆ ಇದು ಕಾಣುವುದಿಲ್ಲ. ಅದಕ್ಕೇ ಇಡೀ ಪುಸ್ತಕ ಬೇಕು ಎನ್ನುತ್ತೇನೆ.

ಈಗ ಬರೆದವರ ವಿಷಯಕ್ಕೆ ಬರೋಣ. ನಾರಾಯಣ್ 1906ರಲ್ಲಿ ಮದ್ರಾಸಿನಲ್ಲಿ ಹುಟ್ಟಿದರು. ಅಲ್ಲಿನ ಪುರಸವಾಕ್ಕಂನಲ್ಲಿ ಅಜ್ಜಿಯ ಮನೆಯಲ್ಲಿ ಬೆಳೆದರು. ಅವರ ತಂದೆ ಮೈಸೂರಿನಲ್ಲಿ ಮುಖ್ಯೋಪಾಧ್ಯಾಯರಾಗಿದ್ದರು. ಹೀಗಾಗಿ ನಾರಾಯಣ್ ಮೈಸೂರಿಗೆ ಬಂದು ಅಲ್ಲೇ ಓದಿದರು, ಅಲ್ಲೇ ಬಹಳ ಕಾಲ ಬಾಳಿದರು. ಮನೆಯಲ್ಲಿ ಮಾತು ತಮಿಳು. ಬೀದಿಯಲ್ಲಿ, ಮಾರುಕಟ್ಟೆಯಲ್ಲಿ ಕನ್ನಡ. ಬರೆದದ್ದು ಇಂಗ್ಲಿಷಿನಲ್ಲಿ. 1930ರಲ್ಲಿ ಬೆಂಗಳೂರಿನಲ್ಲಿದ್ದಾಗ ಅಜ್ಜಿ ನೋಡಿಕೊಟ್ಟ ಒಳ್ಳೆಯ ದಿನದಂದು ಅಂಗಡಿಯಿಂದ ಒಂದು ನೋಟ್‌ಬುಕ್ ಕೊಂಡುತಂದು ಅದರಲ್ಲಿ ಸ್ವಾಮಿಯ ಕಥೆಯ ಮೊದಲ ಸಾಲು ಬರೆದರು. ನೀವು ಮನೆಗೆಲಸ ಬರೆಯುವಂಥ ನೋಟ್‌ಬುಕ್ಕೇ ಅದು.

ಪುಸ್ತಕ ಬರೆದು ಮುಗಿಸಿದ ಮೇಲೆ ಅಚ್ಚು ಮಾಡಲು ಯಾರೂ ಒಪ್ಪಲಿಲ್ಲ. ಕಳಿಸಿದಲ್ಲಿಂದೆಲ್ಲ ಹಸ್ತಪ್ರತಿ ವಾಪಸ್ಸು ಬಂತು. ಕೊನೆಗೆ ಇಂಗ್ಲೆಂಡಿನಲ್ಲಿದ್ದ ಗೆಳೆಯರೊಬ್ಬರಿಗೆ, ಅದಕ್ಕೆ ಕಲ್ಲು ಕಟ್ಟಿ ಥೇಮ್ಸ್ ನದಿಗೆ ಹಾಕಿಬಿಡು ಎಂದು ಬರೆದರು. ಗೆಳೆಯರು ಹಾಗೆ ಮಾಡಲಿಲ್ಲ. ಗ್ರಹಾಂ ಗ್ರೀನ್ ಎಂಬ ಲೇಖಕರಿಗೆ ತೋರಿಸಿದರು. ಅವರು ಮೆಚ್ಚಿ ಪ್ರಕಾಶಕರಿಗೆ ಹೇಳಿದ್ದರಿಂದ ಪುಸ್ತಕ ಹೊರಬಂತು. ಮೊದಲಿಗೆ ಹೆಚ್ಚು ಪ್ರತಿಗಳು ಮಾರಾಟವಾಗಲಿಲ್ಲ. ಮುಂದೆ ಎರಡನೆಯ ಮಹಾಯುದ್ಧದ ಕಾಲದಲ್ಲಿ ಇಂಗ್ಲೆಂಡಿನ ಸಂಪರ್ಕ ಕಡಿಮೆಯಾದಾಗ ನಾರಾಯಣ್ ಮೈಸೂರಿನಲ್ಲಿ ‘ಇಂಡಿಯನ್ ಥಾಟ್ ಪಬ್ಲಿಕೇಷನ್ಸ್’ ಎಂಬ ತಮ್ಮದೇ ಪ್ರಕಾಶನ ಆರಂಭಿಸಿದರು. ಇಂದಿಗೂ ಅವರ ಪುಸ್ತಕಗಳು ಆ ಹೆಸರಿನಲ್ಲಿ ಪೇಪರ್‌ಬ್ಯಾಕ್ ಆಗಿ ಬರುತ್ತಿವೆ. ಅವರ ಎಷ್ಟೋ ಕಥೆಗಳಿಗೆ ತಮ್ಮ ಆರ್. ಕೆ. ಲಕ್ಷ್ಮಣ್ ಚಿತ್ರ ಬರೆದಿದ್ದಾರೆ. ಶಂಕರ್ ನಾಗ್ ನಿರ್ದೇಶಿಸಿದ ‘ಮಾಲ್ಗುಡಿ ಡೇಸ್’ ಧಾರಾವಾಹಿಯಲ್ಲಿಯೂ ಸ್ವಾಮಿಯ ಕಥೆ ಬಂತು. ಅದನ್ನು ಚಿತ್ರೀಕರಿಸಿದ್ದು ಕರ್ನಾಟಕದ ಆಗುಂಬೆಯಲ್ಲಿ.

ಕೊಯಮತ್ತೂರಿಗೂ ನಾರಾಯಣ್ ಅವರಿಗೂ ಒಂದು ನಂಟು ಇದೆ. 1933ರಲ್ಲಿ ಅವರು ಅಕ್ಕನ ಜೊತೆ ಕೊಯಮತ್ತೂರಿಗೆ ಬಂದಿದ್ದರು. ಅಲ್ಲಿ ಬೀದಿಯ ನಲ್ಲಿಯಲ್ಲಿ ನೀರು ಹಿಡಿಯುತ್ತಿದ್ದ ಹುಡುಗಿಯೊಬ್ಬರನ್ನು ಕಂಡು ಮೆಚ್ಚಿದರು. ಮರುವರ್ಷ ಅವರನ್ನೇ ಮದುವೆಯಾದರು. ಅವರ ಹೆಸರೂ ರಾಜಂ! ಸ್ವಾಮಿಯ ಗೆಳೆಯನ ಹೆಸರೇ.

ಈ ಸಂಗತಿಯನ್ನು ಹೇಳಲು ಕಾರಣವಿದೆ. ನಾರಾಯಣ್ ತಮಿಳು ಮನೆಯ ಮಗು, ಕನ್ನಡದ ಊರಿನಲ್ಲಿ ಬಾಳಿದರು. ನೀವು ಕನ್ನಡ ಮನೆಯ ಮಕ್ಕಳು, ತಮಿಳು ನಾಡಿನಲ್ಲಿ ಬಾಳುತ್ತಿದ್ದೀರಿ. ಮನೆಯಲ್ಲಿ ಒಂದು ಮಾತು, ಬೀದಿಯಲ್ಲಿ ಒಂದು ಮಾತು, ಪುಸ್ತಕದಲ್ಲಿ ಇನ್ನೊಂದು ಮಾತು. ನಿಮ್ಮ ಕನ್ನಡದಲ್ಲಿ ತಮಿಳು ಬೆರೆತಿದೆ ಎಂದು ಕೆಲವರು ನಗಬಹುದು. ನಿಮ್ಮ ತಮಿಳು ಕನ್ನಡದಂತಿದೆ ಎಂದು ಬೇರೆ ಕೆಲವರು ನಗಬಹುದು. ಅದಕ್ಕೆ ನೀವು ತಲೆ ತಗ್ಗಿಸಬೇಕಾಗಿಲ್ಲ. ಮೂರು ಮಾತುಗಳ ನಡುವೆ ಬೆಳೆದ ಒಬ್ಬರು ಲೋಕವೆಲ್ಲ ಓದುವ ಪುಸ್ತಕ ಬರೆದರು. ಮೂರು ಮಾತು ಇರುವುದು ಬಡತನವಲ್ಲ, ಅದೂ ಒಂದು ಆಸ್ತಿ.

ಆದರೆ ಆಸ್ತಿಯನ್ನು ಕಾಪಾಡಿಕೊಳ್ಳಬೇಕು. ಕೊಯಮತ್ತೂರು ಜಿಲ್ಲೆಯ ಸಿರುಮುಗೈಯಂಥ ನೇಕಾರರ ಊರುಗಳಿಗೆ ಹೋದರೆ ಮಗ್ಗದ ಸದ್ದಿನ ನಡುವೆ ಕನ್ನಡ ಮಾತು ಕೇಳಿಸುತ್ತದೆ. ತಿರುಪ್ಪೂರು ಜಿಲ್ಲೆಯ ಉಡುಮಲೈ ಕಡೆಯ ಹಳ್ಳಿಗಳಲ್ಲಿಯೂ ಕನ್ನಡ ಆಡುವ ಮನೆಗಳಿವೆ. ಆ ಮನೆಗಳ ಬಹಳಷ್ಟು ಮಕ್ಕಳಿಗೆ ಕನ್ನಡ ಮಾತನಾಡಲು ಬರುತ್ತದೆ, ಓದಲು ಬಾರದು. ಅವರ ಶಾಲೆಯಲ್ಲಿ ಕನ್ನಡ ಇಲ್ಲ. ತಾಳವಾಡಿಯಲ್ಲೋ ಹೊಸೂರಿನ ಕಡೆಯಲ್ಲೋ ಕನ್ನಡ ಶಾಲೆಯಲ್ಲಿ ಕುಳಿತಿರುವ ನಿಮಗೆ ಅಕ್ಷರ ಸಿಕ್ಕಿದೆ. ಆ ಅಕ್ಷರ ಬರಿಯ ಪರೀಕ್ಷೆಗೆ ಮುಗಿದುಹೋದರೆ ನಿಮಗೂ ಅವರಿಗೂ ಏನು ವ್ಯತ್ಯಾಸ? ಪಾಠಪುಸ್ತಕ ಅಟ್ಟಕ್ಕೆ ಹೋದ ದಿನವೇ ನಿಮ್ಮ ಕನ್ನಡದ ಓದೂ ಅಟ್ಟಕ್ಕೆ ಹೋಗುತ್ತದೆ. ಹಾಗೆ ಆಗಬಾರದು ಎಂಬುದೇ ನನ್ನ ಚಿಂತೆ.

ಸ್ವಾಮಿಯ ಪುಸ್ತಕ ಇಂಗ್ಲಿಷಿನಲ್ಲಿದೆಯಲ್ಲ, ಅದರಿಂದ ಕನ್ನಡಕ್ಕೆ ಏನು ಲಾಭ ಎಂದು ನೀವು ಕೇಳಬಹುದು. ಒಳ್ಳೆಯ ಪ್ರಶ್ನೆ. ಆಂಡರ್ಸನ್ ಬರೆದದ್ದು ಡೇನಿಷ್ ಭಾಷೆಯಲ್ಲಿ. ಅದು ಇಂಗ್ಲಿಷಿಗೆ ಬಂದು, ಮದ್ರಾಸಿನ ಅಂಗಡಿಗೆ ಬಂದು, ಸ್ವಾಮಿಯ ಪೆಟ್ಟಿಗೆ ಸೇರಿತು. ಕಥೆ ಹೀಗೆ ಭಾಷೆಯಿಂದ ಭಾಷೆಗೆ ನಡೆಯುತ್ತದೆ. ಕನ್ನಡದಲ್ಲೋ ತಮಿಳಿನಲ್ಲೋ ಅನುವಾದ ಸಿಕ್ಕರೆ ಅದನ್ನು ಓದಿ. ಇಲ್ಲದಿದ್ದರೆ ಇಂಗ್ಲಿಷ್ ಮೇಷ್ಟ್ರ ಬಳಿ ವಾರಕ್ಕೆ ಎರಡು ಪುಟ ಓದಿಸಿಕೊಳ್ಳಿ. ಆಮೇಲೆ ಮನೆಗೆ ಹೋಗಿ ಅಜ್ಜಿಗೆ, ತಂಗಿಗೆ, ರಜೆಗೆ ಬಂದ ನೆಂಟರ ಮಕ್ಕಳಿಗೆ ನಿಮ್ಮ ಮನೆಯ ಕನ್ನಡದಲ್ಲಿ ಹೇಳಿ. ಬರೆದೂ ಇಡಿ. ಕಷ್ಟದ ಪದ ಬಂದರೆ ಸ್ವಾಮಿಯಂತೆ ಪುಸ್ತಕ ಮುಚ್ಚಿ ಪೆಟ್ಟಿಗೆಯಲ್ಲಿ ಇಡಬೇಡಿ. ಒಂದು ಪದ ತಿಳಿಯದಿದ್ದರೆ ಮುಂದಿನ ಸಾಲಿಗೆ ಹೋಗಿ. ಸಾಲು ಸಾಲು ಓದುತ್ತಾ ಹೋದರೆ ಬಿಟ್ಟ ಪದವೂ ಒಮ್ಮೆ ತಿಳಿಯುತ್ತದೆ.

ಇನ್ನೂ ಕೆಲವು ಅಡ್ಡಿಗಳಿವೆ. ಪರೀಕ್ಷೆಗೆ ಬಾರದ ಪುಸ್ತಕ ಯಾಕೆ ಎಂದು ಮನೆಯಲ್ಲಿ ಕೇಳಬಹುದು. ದಿನಕ್ಕೆ ಎರಡು ಪುಟ ಓದಿದರೆ ಪಾಠಕ್ಕೆ ತೊಂದರೆಯಾಗುವುದಿಲ್ಲ. ಓದುವ ವೇಗ ಹೆಚ್ಚಿ ಪಾಠವೇ ಸುಲಭವಾಗುತ್ತದೆ ಎಂದು ಹೇಳಿ. ಹಣ ಎಲ್ಲಿಂದ ಎಂದು ಕೇಳಬಹುದು. ಪೇಪರ್‌ಬ್ಯಾಕ್ ಇರುವುದೇ ಅದಕ್ಕಾಗಿ. ಕೊಯಮತ್ತೂರಿನಲ್ಲಿ, ತಿರುಪ್ಪೂರಿನಲ್ಲಿ ಪುಸ್ತಕ ಮೇಳಗಳು ನಡೆಯುತ್ತವೆ. ಹಳೆಯ ಪ್ರತಿ ಇನ್ನೂ ಕಡಿಮೆ ಬೆಲೆಗೆ ಸಿಗುತ್ತದೆ. ಕೊಳ್ಳಲು ಆಗದಿದ್ದರೆ ಸಾರ್ವಜನಿಕ ಗ್ರಂಥಾಲಯವಿದೆ. ಗ್ರಂಥಾಲಯಗಳಿಗಾಗಿ 1948ರಲ್ಲೇ ಕಾನೂನು ಮಾಡಿದ ರಾಜ್ಯ ನಮ್ಮದು. ಅಲ್ಲಿ ಕನ್ನಡ ಪುಸ್ತಕ ಬೇಕೆಂದು ನೀವೇ ಕೇಳಿ. ಕೇಳುವವರಿದ್ದರೆ ತರಿಸುವವರೂ ಇರುತ್ತಾರೆ.

ಹಿರಿಯರಿಗೂ ಒಂದು ಮಾತು. ನಾರಾಯಣ್ ರಾಜ್ಯಸಭೆಯ ಸದಸ್ಯರಾಗಿದ್ದಾಗ ಒಂದು ಭಾಷಣ ಮಾಡಿದರು. ಅವರು ಆರಿಸಿಕೊಂಡ ವಿಷಯ ಮಕ್ಕಳ ಶಾಲಾಚೀಲದ ಭಾರ! ಆಮೇಲೆ ಸರಕಾರ ನೇಮಿಸಿದ ಯಶ್‌ಪಾಲ್ ಸಮಿತಿಯೂ 1993ರಲ್ಲಿ, ಹೊರೆಯಿಲ್ಲದ ಕಲಿಕೆ ಬೇಕೆಂದು ವರದಿ ಕೊಟ್ಟಿತು. ಆದುದರಿಂದ ನಾನು ಕೇಳುತ್ತಿರುವುದು ಚೀಲಕ್ಕೆ ಇನ್ನೊಂದು ಪುಸ್ತಕ ಸೇರಿಸಿ ಎಂದಲ್ಲ. ಪ್ರಶ್ನೆ ಇಲ್ಲದ, ಅಂಕ ಇಲ್ಲದ, ಅಗ್ಗದ ಬೆಲೆಯ ಕನ್ನಡ ಕಥೆಪುಸ್ತಕಗಳನ್ನು ಗಡಿನಾಡಿನ ಮಕ್ಕಳಿಗೆ ಅಚ್ಚು ಮಾಡಿಕೊಡಿ ಎಂದು ಕೇಳುತ್ತಿದ್ದೇನೆ. ಅದು ಚೀಲದ ಹೊರಗೆ ಇರಲಿ. ದಿಂಬಿನ ಪಕ್ಕದಲ್ಲಿ ಇರಲಿ, ಜಗಲಿಯ ಮೇಲೆ ಇರಲಿ.

ಮಕ್ಕಳೇ, ನಿಮ್ಮದೇ ಆದ ಪುಸ್ತಕ ಸಿಕ್ಕಿದಾಗ ಮೊದಲ ಪುಟದಲ್ಲಿ ನಿಮ್ಮ ಹೆಸರನ್ನು ಕನ್ನಡದಲ್ಲಿ ಬರೆಯಿರಿ. ಓದಿ ಮುಗಿಸಿದ ಮೇಲೆ ಗೆಳೆಯರಿಗೆ ಓದಲು ಕೊಡಿ. ಪುಟ ಮಡಿಸಿದರೆ ಚಿಂತೆಯಿಲ್ಲ, ರಟ್ಟು ಹರಿದರೆ ಅಂಟು ಹಾಕಿ. ಕೈಯಿಂದ ಕೈಗೆ ಹೋಗಿ ಸವೆದ ಪುಸ್ತಕವೇ ಒಳ್ಳೆಯ ಪುಸ್ತಕ.

ಯೋಚಿಸಿ ಹೇಳಿ

1. ರಾಮನ ಹತ್ತು ಹಣ್ಣಿಗೆ ಹದಿನೈದು ಆಣೆಯಾದರೆ ಕೃಷ್ಣ ನಾಲ್ಕು ಹಣ್ಣಿಗೆ ಎಷ್ಟು ಕೊಡಬೇಕು? ಸ್ವಾಮಿಯ ಪ್ರಶ್ನೆ ಸರಿಯೇ, ತಪ್ಪೇ?

2. ರಾಜಂ ಸ್ವಾಮಿಯನ್ನು ಕ್ಷಮಿಸಿದ್ದಾನೆ ಎಂದು ನಿಮಗೆ ಅನ್ನಿಸುತ್ತದೆಯೇ? ಕಾರಣ ಕೊಡಿ.

3. ನಿಮ್ಮ ಮನೆಯಲ್ಲಿ, ಬೀದಿಯಲ್ಲಿ, ಶಾಲೆಯಲ್ಲಿ ಯಾವ ಯಾವ ಮಾತು ಆಡುತ್ತೀರಿ?

4. ಪಾಠಪುಸ್ತಕವಲ್ಲದ ಒಂದು ಕಥೆಯನ್ನು ನಿಮ್ಮ ಮನೆಯ ಕನ್ನಡದಲ್ಲಿ ತರಗತಿಗೆ ಹೇಳಿ.